ಎಂಟು ಮಂದಿ, ಎಂಟು ಪಾಸ್‌ಪೋರ್ಟ್: ಮನೆಮಂದಿಯನ್ನು ಚೀನಾ ತಿರುಗಿಸುವ ಬಗೆ

ನಾನು ಧಾರವಾಡದ ಮಾಳಮಡ್ಡಿಯವಳು. ಚೀನಾದ ಸುಝೌ ಊರಿನ ಒಂದು ಅಂತರರಾಷ್ಟ್ರೀಯ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಕೆಲಸಕ್ಕೆ ಸೇರಿದ ದಿನದಿಂದ ಮನೆಯವರದು ಒಂದೇ ಮಾತು, "ನಮ್ಮನ್ನ ಯಾವಾಗ ಕರಕೊಂಡ ಹೋಗ್ತಿ?" ಕೊನೆಗೆ 2024ರ ದಸರಾ ಮುಗಿಸಿ, ಬನ್ನಿ ಕೊಟ್ಟ ನಾಲ್ಕನೇ ದಿನ ಏಳು ಮಂದಿ ಹುಬ್ಬಳ್ಳಿ ಬಿಟ್ಟರು. ಅಪ್ಪ, ಅವ್ವ, ಕಾಕಾ, ಕಾಕು, ಬೆಟಗೇರಿಯ ಮಾವಶಿ, ಅಕ್ಕ, ಅಕ್ಕನ ಹದಿಮೂರು ವರ್ಷದ ಮಗ. ನಾನು ಸೇರಿ ಎಂಟು. ಹನ್ನೊಂದು ದಿನ, ಮೂರು ಊರು: ಬೀಜಿಂಗ್, ಶಿಯಾನ್, ಆಮೇಲೆ ನಮ್ಮ ಸುಝೌ.

ಅವರು ವಾಪಸ್ ಹೋದ ಮೇಲೆ ನನಗೆ ಊರಿಂದ ಫೋನ್ ಬರುವುದು ನಿಂತಿಲ್ಲ. ಮಗಳು ಅಲ್ಲಿ ಕಲಿಸುತ್ತಾಳೆ, ಅಳಿಯ ಅಲ್ಲಿದ್ದಾನೆ, ನಾವೂ ಹೋಗಿ ಬರಬೇಕು, ಹೇಗೆ ಮಾಡಿದಿರಿ ಹೇಳಿ ಅಂತ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲಿ ಬರೆಯುತ್ತಿದ್ದೇನೆ. ಇದು ಅಲ್ಲಿ ಕಲಿಸುವ ಮೇಷ್ಟ್ರಿಗೆ, ಟೀಚರಿಗೆ ಬರೆದದ್ದು. ಯಾಕೆಂದರೆ ಕೆಲಸವೆಲ್ಲ ಬೀಳುವುದು ನಿಮ್ಮ ಮೇಲೆ. ಎಂಟು ಮಂದಿಗೆ ಒಂದೇ ಬಾಯಿ ಇರುತ್ತದೆ, ಅದು ನಿಮ್ಮದು. ನೀವು ಪಕ್ಕದಲ್ಲಿ ಇಲ್ಲದ ಹೊತ್ತಲ್ಲೂ ಉಳಿದವರು ಉಣ್ಣಬೇಕು, ದಾರಿ ಕೇಳಬೇಕು, ಧೈರ್ಯದಿಂದ ನಿಲ್ಲಬೇಕು. ನನ್ನ ತಯಾರಿಯಲ್ಲಿ ಮುಕ್ಕಾಲು ಪಾಲು ಇದಕ್ಕೇ ಹೋಯಿತು. ಇನ್ನೂ ಜಾಸ್ತಿ ಹೋಗಬೇಕಿತ್ತು ಅಂತ ಬೀಜಿಂಗ್‌ನಲ್ಲಿ ಗೊತ್ತಾಯಿತು. ಅದನ್ನು ಮುಂದೆ ಹೇಳುತ್ತೇನೆ.

ದಿನ ಗೊತ್ತು ಮಾಡುವುದು

ಅಕ್ಟೋಬರ್ 1ರಿಂದ 7ರವರೆಗೆ ಚೀನಾ ರಾಷ್ಟ್ರೀಯ ದಿನದ ರಜೆ. ಶಾಲೆಗೂ ರಜೆ ಇರುವುದರಿಂದ ಮೇಷ್ಟ್ರಿಗೆ ಅದೇ ವಾರ ಕಣ್ಣಿಗೆ ಬೀಳುತ್ತದೆ. ದಯವಿಟ್ಟು ಬೇಡ. ಇಡೀ ದೇಶ ಆ ವಾರ ರೈಲು ಹತ್ತುತ್ತದೆ. ಮೇ 1ರ ಆಸುಪಾಸು, ಜನವರಿ-ಫೆಬ್ರವರಿಯ ಚೀನೀ ಹೊಸ ವರ್ಷ ಕೂಡ ಹಾಗೇ. ನಮ್ಮ ಶಾಲೆಗೆ ಅಕ್ಟೋಬರ್ ಕೊನೆಗೆ ಒಂದು ವಾರ ರಜೆ ಇತ್ತು, ಅದಕ್ಕೆ ಎರಡು ದಿನ ಸೇರಿಸಿ ಬೇಡಿಕೊಂಡೆ. ಬಿಸಿಲೂ ಇಲ್ಲ, ಕೊರೆಯುವ ಚಳಿಯೂ ಇಲ್ಲ, ಒಂದು ಸ್ವೆಟರ್ ಸಾಕು. ವಯಸ್ಸಾದವರನ್ನು ಕರೆದುಕೊಂಡು ಹೋಗುವುದಾದರೆ ಅಕ್ಟೋಬರ್‌ನ ಎರಡನೇ ಅರ್ಧ, ಇಲ್ಲವೇ ಏಪ್ರಿಲ್ ನಡುವಿನ ದಿನಗಳು. ಬೇರೆ ತಿಂಗಳು ನಾನು ಹೇಳುವುದಿಲ್ಲ.

ರಜೆ ಸಿಕ್ಕ ಮೇಲೆ ನಿಮ್ಮ ಸ್ವಂತ ರೆಸಿಡೆನ್ಸ್ ಪರ್ಮಿಟ್‌ನ ಕೊನೆಯ ತಾರೀಖು ನೋಡಿ. ಅದನ್ನು ನವೀಕರಿಸಲು ಕೊಟ್ಟರೆ ಪಾಸ್‌ಪೋರ್ಟ್ ಕೆಲವು ವಾರ ಕಚೇರಿಯಲ್ಲೇ ಉಳಿಯುತ್ತದೆ. ನನ್ನ ಜೊತೆ ಕೆಲಸ ಮಾಡುವ ಒಬ್ಬರು ಇದನ್ನು ಮರೆತು, ಮನೆಯವರು ಬಂದ ವಾರವೇ ಕೈಯಲ್ಲಿ ಬರೀ ರಸೀದಿ ಹಿಡಿದು ಓಡಾಡಬೇಕಾಯಿತು.

ಮನೆಯವರಿಗೆ ಎಲ್ ವೀಸಾ ಬೇಕು, ಅಂದರೆ ಪ್ರವಾಸಿ ವೀಸಾ. ಹೋಗಿ ಬರುವ ಟಿಕೆಟ್, ಹೋಟೆಲ್ ಬುಕಿಂಗ್ ಕಾಗದ ಕೊಡಬೇಕಾಗುತ್ತದೆ. ಅಪ್ಪ-ಅವ್ವನಿಗೆ, ಒಡಹುಟ್ಟಿದವರಿಗೆ ಕುಟುಂಬದವರನ್ನು ನೋಡಲು ಬರುವ ಬೇರೆ ಬಗೆಯ ವೀಸಾವೂ ಉಂಟು. ಆದರೆ ಕಾಕಾ, ಮಾವಶಿಗೆಲ್ಲ ಅದು ನಡೆಯುವುದಿಲ್ಲ. ಒಂದೇ ಗುಂಪಿಗೆ ಎರಡು ಬಗೆ ಯಾಕೆ ಅಂತ ಎಲ್ಲರಿಗೂ ಎಲ್ ಮಾಡಿಸಿದೆ. ನಮ್ಮವರು ಬರುವಾಗ ನೇರ ವಿಮಾನ ಇರಲಿಲ್ಲ, ಬ್ಯಾಂಕಾಕ್‌ನಲ್ಲಿ ಇಳಿದು ಹತ್ತಿದರು. 2025ರ ಅಕ್ಟೋಬರ್‌ನಿಂದ ನೇರ ವಿಮಾನ ಮತ್ತೆ ಶುರುವಾಗಿದೆ. ಮೊಣಕಾಲು ನೋವಿನವರಿದ್ದರೆ ಸ್ವಲ್ಪ ಹಣ ಜಾಸ್ತಿಯಾದರೂ ಅದನ್ನೇ ಹಿಡಿಯಿರಿ.

ಬಂದ ಮೇಲೆ ಇನ್ನೊಂದು ಕೆಲಸ ಇದೆ. ಹೋಟೆಲ್‌ನಲ್ಲಿ ಉಳಿದರೆ ಅವರೇ ಪಾಸ್‌ಪೋರ್ಟ್ ನೋಡಿ ಪೊಲೀಸರಿಗೆ ತಿಳಿಸುತ್ತಾರೆ. ನಿಮ್ಮ ಮನೆಯಲ್ಲಿ ಉಳಿದರೆ 24 ತಾಸಿನೊಳಗೆ ನೀವೇ ಠಾಣೆಯಲ್ಲಿ ಹೆಸರು ಬರೆಸಬೇಕು. ದಣಿದಿದ್ದಾರೆ, ನಾಳೆ ನೋಡೋಣ ಅನ್ನಬೇಡಿ.

ಚೀಲದಲ್ಲಿ ಏನು, ಏನು ಬೇಡ

ಪೇಡಾ ಬೇಡ. ಇದನ್ನು ಧಾರವಾಡದವಳಾಗಿ ಹೇಳುವುದು ಕಷ್ಟ. ಆದರೆ ಹಾಲಿನ ಪದಾರ್ಥ ಚೀನಾದ ಕಸ್ಟಮ್ಸ್‌ನಲ್ಲಿ ಒಳಗೆ ಬಿಡುವುದಿಲ್ಲ. ಬೆಣ್ಣೆ ಇಲ್ಲ, ತಾಜಾ ಹಣ್ಣು-ಕಾಯಿಪಲ್ಲೆ ಇಲ್ಲ, ಬಿತ್ತುವ ಬೀಜ ಇಲ್ಲ. ಕಾಕು ನನ್ನ ಬಾಲ್ಕನಿಗೆ ಅಂತ ಮೆಂತ್ಯ, ಹರಿವೆ ಬೀಜ ಕಟ್ಟಿಟ್ಟಿದ್ದರು. ಫೋನ್‌ನಲ್ಲಿ ಚೀಲ ಒಂದೊಂದೇ ತೆಗೆಸಿ ನೋಡಿದ್ದಕ್ಕೆ ಅದು ಸಿಕ್ಕಿತು. ನೀವೂ ವಿಡಿಯೊ ಕಾಲ್ ಮಾಡಿ ಹಾಗೇ ನೋಡಿ.

ಕಡಕ್ ಜೋಳದ ರೊಟ್ಟಿ ಮಾತ್ರ ಎಷ್ಟು ತಂದರೂ ಸಾಲುವುದಿಲ್ಲ. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಹಚ್ಚಿದ ಅವಲಕ್ಕಿ. ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಪುಡಿಯಾಗುತ್ತವೆ. ಚಾಪುಡಿ ತರಲಿ. ಚೀನಾದ ಹೋಟೆಲ್ ರೂಮಿನಲ್ಲಿ ನೀರು ಕಾಯಿಸುವ ಕೆಟಲ್ ಇದ್ದೇ ಇರುತ್ತದೆ. ಹಾಲು ಅಲ್ಲೇ ಅಂಗಡಿಯಲ್ಲಿ ತಗೊಳ್ಳಿ. ಮುಂಜಾನೆ ಎದ್ದ ಕೂಡಲೇ ನಮ್ಮ ಚಾ ಸಿಕ್ಕರೆ ಹಿರಿಯರ ಅರ್ಧ ದಣಿವು ಹೋಗುತ್ತದೆ.

ಪವರ್ ಬ್ಯಾಂಕ್ ಬಗ್ಗೆ ಎಚ್ಚರ. 2025ರ ಜೂನ್ 28ರಿಂದ ಚೀನಾದ ಒಳಗಿನ ವಿಮಾನಗಳಲ್ಲಿ ಅಲ್ಲಿನ 3ಸಿ ಅನ್ನುವ ಸುರಕ್ಷತೆಯ ಗುರುತು ಇಲ್ಲದ ಪವರ್ ಬ್ಯಾಂಕ್ ಬಿಡುವುದಿಲ್ಲ. ನಮ್ಮ ದೇಶದಲ್ಲಿ ಕೊಂಡದ್ದರ ಮೇಲೆ ಆ ಗುರುತು ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಒಂದು ಕೊಂಡುಕೊಡಿ. ನಮ್ಮ ಮೂರು ಪಿನ್ನಿನ ಪ್ಲಗ್ ಅಲ್ಲಿನ ಸಾಕೆಟ್‌ಗೆ ಕೂರುವುದಿಲ್ಲ, ಅಡಾಪ್ಟರ್ ಬೇಕು.

ಇನ್ನೊಂದು ಮಾತು, ನಾಚಿಕೊಳ್ಳದೆ ಹೇಳುತ್ತೇನೆ. ಬಹಳ ಕಡೆ ಕೂತು ಹೋಗುವ ಕಕ್ಕಸು, ಅದು ನಮ್ಮವರಿಗೆ ರೂಢಿ. ಆದರೆ ನೀರು ಇರುವುದಿಲ್ಲ, ಕಾಗದವೂ ಎಷ್ಟೋ ಕಡೆ ಇರುವುದಿಲ್ಲ. ಪ್ರತಿಯೊಬ್ಬರ ಕೈಚೀಲದಲ್ಲೂ ಒಂದು ಸಣ್ಣ ಖಾಲಿ ಬಾಟಲಿ, ಒಂದು ಪೊಟ್ಟಣ ಟಿಶ್ಯೂ ಇರಲೇಬೇಕು.

ಫೋನು, ಹಣ

ಗೂಗಲ್, ವಾಟ್ಸ್ಆ್ಯಪ್, ಯೂಟ್ಯೂಬ್ ಅಲ್ಲಿನ ನೆಟ್‌ನಲ್ಲಿ ತೆರೆಯುವುದಿಲ್ಲ. ನಮ್ಮ ಸಿಮ್‌ಗೆ ಅಂತರರಾಷ್ಟ್ರೀಯ ರೋಮಿಂಗ್ ಹಾಕಿಸಿದರೆ ಆ ನೆಟ್‌ನಲ್ಲಿ ವಾಟ್ಸ್ಆ್ಯಪ್ ನಡೆಯುತ್ತದೆ. ಹೇಗೂ ಬ್ಯಾಂಕಿನ ಓಟಿಪಿ ಬರಲಿಕ್ಕೆ ಆ ಸಿಮ್ ಬೇಕೇ ಬೇಕು. ಅಲ್ಲಿ ಮಾತಿಗೂ ಹಣ ಕೊಡಲಿಕ್ಕೂ ಬಳಸುವ ವಿಚ್ಯಾಟ್, ಹಣ ಕೊಡುವ ಅಲಿಪೇ, ಈ ಎರಡು ಆ್ಯಪ್ ಊರಲ್ಲೇ ಹಾಕಿಸಿ. ವಿಚ್ಯಾಟ್ ಹೊಸದಾಗಿ ತೆರೆಯುವಾಗ ಈಗಾಗಲೇ ಬಳಸುವ ಒಬ್ಬರು ಕೋಡ್ ಸ್ಕ್ಯಾನ್ ಮಾಡಿಕೊಡಿ ಅಂತ ಕೇಳುವುದುಂಟು, ಅದನ್ನು ನೀವೇ ಮಾಡಿಕೊಡಿ. ಅಲಿಪೇಗೆ ನಮ್ಮ ಬ್ಯಾಂಕಿನ ವೀಸಾ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಬಹುದು. ಒಂದು ಸಲಕ್ಕೆ 200 ಯುವಾನ್ ದಾಟಿದರೆ ನೂರಕ್ಕೆ ಮೂರು ಶುಲ್ಕ ಬೀಳುತ್ತದೆ. ಅದಕ್ಕೇ ದೊಡ್ಡ ಖರ್ಚು ಎಲ್ಲ ನನ್ನ ಚೀನಾ ಖಾತೆಯಿಂದ ಕೊಟ್ಟೆ, ಕೊನೆಗೆ ರೂಪಾಯಿಯಲ್ಲಿ ಲೆಕ್ಕ ಹಾಕಿಕೊಂಡೆವು. 2024ರಲ್ಲಿ ಒಂದು ಯುವಾನ್ ಅಂದರೆ 12 ರೂಪಾಯಿ ಹತ್ತಿರ ಇತ್ತು, ಹಾಗೆ ಹಿಡಿದರೆ ಬಾಯಿಲೆಕ್ಕ ಸುಲಭವಾಯಿತು. ಕಾಕಾ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ದಿನಾ ರಾತ್ರಿ ಬರೆದರು. ಗುಂಪಿನಲ್ಲಿ ಹಾಗೆ ಲೆಕ್ಕ ಬರೆಯುವವರು ಒಬ್ಬರು ಇರಲಿ, ಆದರೆ ಅದು ನೀವು ಆಗಬೇಡಿ. ನಿಮಗೆ ಬೇರೆ ಕೆಲಸ ಸಾಕಷ್ಟಿರುತ್ತದೆ.

ರೈಲು

ಸುಝೌದಿಂದ ಬೀಜಿಂಗ್‌ಗೆ ವಿಮಾನ ಬೇಡ, ರೈಲಿನಲ್ಲೇ ಹೋಗಿ. ಬೀಜಿಂಗ್-ಶಾಂಘೈ ಹೈಸ್ಪೀಡ್ ಮಾರ್ಗ 1318 ಕಿಲೋಮೀಟರ್, 2011ರಲ್ಲಿ ಶುರುವಾಯಿತು. ನಮ್ಮ ಸುಝೌ ಅದೇ ಮಾರ್ಗದ ಮೇಲಿದೆ. ಗಂಟೆಗೆ 350 ಕಿಲೋಮೀಟರ್ ವೇಗದಲ್ಲಿ ಓಡುವಾಗ ಅಪ್ಪ ಕಿಟಕಿ ಪಕ್ಕದ ಕಟ್ಟೆಯ ಮೇಲೆ ಚಾ ಲೋಟ ಇಟ್ಟು ನೋಡಿದರು. ಅಲುಗಲಿಲ್ಲ.

ಟಿಕೆಟ್ 15 ದಿನ ಮೊದಲು ಬಿಡುತ್ತಾರೆ. 12306 ಅನ್ನುವ ಸರ್ಕಾರಿ ಆ್ಯಪ್‌ಗೆ ಇಂಗ್ಲಿಷ್ ರೂಪವೂ ಇದೆ. ಎಲ್ಲರ ಪಾಸ್‌ಪೋರ್ಟ್ ವಿವರ ಟಿಕೆಟ್ ಬಿಡುವ ಒಂದು ವಾರ ಮೊದಲೇ ತುಂಬಿಡಿ, ಯಾಕೆಂದರೆ ಪರಿಶೀಲನೆಗೆ ಹೊತ್ತು ಹಿಡಿಯುತ್ತದೆ. ನಮ್ಮ ಉತ್ತರ ಕರ್ನಾಟಕದ ಹೆಸರುಗಳು ಉದ್ದ: ಸ್ವಂತ ಹೆಸರು, ತಂದೆ ಇಲ್ಲವೇ ಗಂಡನ ಹೆಸರು, ಅಡ್ಡಹೆಸರು. ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೇ, ಒಂದು ಅಕ್ಷರವೂ ಬಿಡದೆ ತುಂಬಿ. ಕಾಗದದ ಟಿಕೆಟ್ ಇಲ್ಲ, ಪಾಸ್‌ಪೋರ್ಟೇ ಟಿಕೆಟ್. ಎಲ್ಲರೂ ಗೇಟ್‌ನಲ್ಲಿ ಅದನ್ನು ಕೈಯಲ್ಲಿ ಹಿಡಿದಿರಬೇಕು. ಯಂತ್ರ ಓದದಿದ್ದರೆ ಪಕ್ಕದಲ್ಲಿ ಸಿಬ್ಬಂದಿ ನಿಂತಿರುವ ದಾರಿ ಇರುತ್ತದೆ, ಸೀದಾ ಅಲ್ಲಿಗೇ ಹೋಗಿ.

ಸೆಕೆಂಡ್ ಕ್ಲಾಸ್‌ನಲ್ಲಿ ಒಂದು ಸಾಲಿಗೆ ಐದು ಸೀಟು. ಎ, ಬಿ, ಸಿ ಒಂದು ಕಡೆ, ಡಿ, ಎಫ್ ಇನ್ನೊಂದು ಕಡೆ. ಇ ಇರುವುದಿಲ್ಲ. ಮಾವಶಿ ಪಾಪ, ಇ ಎಲ್ಲಿ ಅಂತ ಎಣಿಸುತ್ತ ನಿಂತಿದ್ದರು. ಪ್ರತಿ ಬೋಗಿಯಲ್ಲೂ ಬಿಸಿನೀರಿನ ನಲ್ಲಿ ಇದೆ, ಪುಕ್ಕಟೆ. ಅವಲಕ್ಕಿ ನೆನೆಸಲು, ಗುಳಿಗೆ ತಗೊಳ್ಳಲು ಎಲ್ಲದಕ್ಕೂ ಅದೇ. ಒಂದು ತಾಸು ಮೊದಲು ಸ್ಟೇಷನ್ ತಲುಪಿ. ಅಲ್ಲಿನ ಸ್ಟೇಷನ್ ಅಂದರೆ ವಿಮಾನ ನಿಲ್ದಾಣದಷ್ಟು ದೊಡ್ಡದು, ಚೀಲ ತಪಾಸಣೆ ಬೇರೆ, ರೈಲು ಹೊರಡುವ ಕೆಲವು ನಿಮಿಷ ಮೊದಲೇ ಗೇಟ್ ಮುಚ್ಚುತ್ತಾರೆ.

ಕೊರಳಲ್ಲಿ ಒಂದು ಕಾರ್ಡು

ಇದು ಎಲ್ಲಕ್ಕಿಂತ ಮುಖ್ಯ. ಪ್ರತಿಯೊಬ್ಬರ ಕೊರಳಿಗೂ ಒಂದು ಐಡಿ ಕಾರ್ಡಿನ ಕವರ್ ಹಾಕಿಸಿದ್ದೆ. ಒಂದು ಬದಿಗೆ ಚೀನೀ ಅಕ್ಷರದಲ್ಲಿ ಹೋಟೆಲ್ ಹೆಸರು, ವಿಳಾಸ, "ನನಗೆ ಚೀನೀ ಬರುವುದಿಲ್ಲ, ದಯವಿಟ್ಟು ಈ ನಂಬರಿಗೆ ಫೋನ್ ಮಾಡಿ", ಕೆಳಗೆ ನನ್ನ ಚೀನಾ ನಂಬರ್. ಇನ್ನೊಂದು ಬದಿಗೆ ದಪ್ಪ ಅಕ್ಷರದ ಕನ್ನಡದಲ್ಲಿ: ತಪ್ಪಿಸಿಕೊಂಡರೆ ಅಲ್ಲೇ ನಿಲ್ಲಬೇಕು. ಊರು ಬದಲಾದ ಹಾಗೆ ಚೀನೀ ಬದಿಯ ಕಾಗದ ಬದಲಿಸುತ್ತಿದ್ದೆ.

ಬೀಜಿಂಗ್‌ನ ಎರಡನೇ ದಿನ ಸಂಜೆ ವಾಂಗ್‌ಫುಜಿಂಗ್‌ನಲ್ಲಿ ಮೆಟ್ರೋ ಹತ್ತುತ್ತಿದ್ದೆವು. ಆಫೀಸು ಬಿಡುವ ಹೊತ್ತು. ಕಾಕು ಮುಂದಿದ್ದರು, ಒಳಗೆ ಹೋದರು. ನಾವು ಏಳು ಮಂದಿ ಹೊರಗೆ ಇದ್ದಂತೆಯೇ ಬಾಗಿಲು ಮುಚ್ಚಿತು. ಗಾಜಿನ ಆಚೆ ಅವರ ಮುಖ ಕಂಡಿತು, ಅಷ್ಟೇ, ರೈಲು ಹೋಯಿತು. ಕಾಕಾ ಮಾತೇ ಆಡಲಿಲ್ಲ. ಮುಂದಿನ ಸ್ಟೇಷನ್ ದೊಂಗ್‌ದಾನ್. ಅಲ್ಲಿ ಇಳಿದು ನೋಡಿದರೆ ಕಾಕು ಇಲ್ಲ. ಹಿಂದೆ ಉಳಿದವರಿಗೆ "ಅಲ್ಲೇ ನಿಲ್ಲು" ಅಂತ ನಾನು ಹೇಳಿದ್ದೆ. ಮುಂದೆ ಹೋಗಿಬಿಟ್ಟವರು ಏನು ಮಾಡಬೇಕು ಅಂತ ಹೇಳಿರಲಿಲ್ಲ. ಅವರು ಕೂತಲ್ಲೇ ಕೂತರು, ಅಲ್ಲೇ ನಿಲ್ಲಬೇಕು ಅಂತ ಅವರಿಗೂ ನೆನಪಿತ್ತು! ಕಡೆಗೆ ಜಿಯಾನ್‌ಗುವೊಮೆನ್‌ನಲ್ಲಿ ಒಬ್ಬ ಕಾಲೇಜು ಹುಡುಗಿ ಅವರ ಕಾರ್ಡು ಓದಿ ನನಗೆ ಫೋನ್ ಮಾಡಿದಳು. ಇಳಿಸಿ, ಬೆಂಚಿನ ಮೇಲೆ ಕೂರಿಸಿ, ನಾವು ಬರುವ ತನಕ ತಾನೂ ಕೂತಿದ್ದಳು. ಒಟ್ಟು ಇಪ್ಪತ್ತೈದು ನಿಮಿಷ. ಕಾಕುನ ಕೈ ಹಿಡಿದೆ, ತಣ್ಣಗಾಗಿತ್ತು. "ಆ ಹುಡುಗಿಗೆ ಏನರ ಕೊಡವಾ" ಅಂದರು. ಅವಳು ಏನೂ ತಗೊಳ್ಳಲಿಲ್ಲ.

ಆ ರಾತ್ರಿ ಎಲ್ಲರ ಕಾರ್ಡಿಗೂ ಪೆನ್ನಿನಿಂದ ಇನ್ನೊಂದು ಸಾಲು ಸೇರಿಸಿದೆ: ರೈಲು ಒಯ್ದುಬಿಟ್ಟರೆ ಮುಂದಿನ ಸ್ಟೇಷನ್‌ನಲ್ಲಿ ಇಳಿ, ಬಾಗಿಲ ಎದುರೇ ನಿಲ್ಲು, ನಾವು ಬರುತ್ತೇವೆ. ನೀವು ಎರಡೂ ಸಾಲು ಮೊದಲೇ ಬರೆಯಿರಿ. ಸುಮ್ನೆ ಬರೆದರೆ ಸಾಲದು, ಒಂದು ಸಲ ಮನೆಯವರಿಂದ ಬಾಯಿಬಿಟ್ಟು ಹೇಳಿಸಿ. ಮೆಟ್ರೋ ಹತ್ತುವಾಗ ಮೊದಲು ಒಬ್ಬ ಗಟ್ಟಿ ಇರುವವರು, ಕೊನೆಗೆ ನೀವು, ನಡುವೆ ಹಿರಿಯರು. ಮರುದಿನದಿಂದ ಅಕ್ಕನ ಮಗ ಮುಂದೆ ನಿಂತು ಇಂಗ್ಲಿಷ್ ಬೋರ್ಡು ಓದಿ ಸ್ಟೇಷನ್ ಹೆಸರು ಕೂಗುತ್ತಿದ್ದ.

ಊಟ

ನಮ್ಮ ಮನೆ ಪೂರ್ತಿ ಶಾಕಾಹಾರಿ. "ವೊ ಛಿ ಸು", ಅಂದರೆ ನಾನು ಶಾಕಾಹಾರಿ, ಈ ಮೂರು ಶಬ್ದ ಎಲ್ಲರೂ ಬಾಯಿಪಾಠ ಮಾಡಿದ್ದರು. ಆದರೆ "ಮಾಂಸ ಬೇಡ" ಅಂತ ಮಾತ್ರ ಹೇಳಿದರೆ ಸಾಲುವುದಿಲ್ಲ. ಅಲ್ಲಿ ಬರೀ ಮಾಂಸ ಅಂದರೆ ಹಂದಿ ಮಾಂಸ ಅಂತ ತಿಳಿಯುತ್ತಾರೆ, ಸಿಗಡಿ ಹಾಕಿ ತಂದುಬಿಡುತ್ತಾರೆ. ಹಾಗಾಗಿ ಹಂದಿ, ದನ, ಕುರಿ, ಕೋಳಿ, ಮೀನು, ಸಿಗಡಿ, ಮಾಂಸದ ಸಾರು, ಹಂದಿ ಕೊಬ್ಬು, ಸಿಂಪಿ ಸಾಸ್ ಯಾವುದೂ ಬೇಡ ಅಂತ ಒಂದೊಂದೇ ಹೆಸರು ಬರೆದ ಚೀಟಿ ಮಾಡಿಸಿ. ಹುರಿದ ಬೀನ್ಸ್, ಬದನೆಕಾಯಿ ಪಲ್ಯ ನೋಡಲು ಸಾದಾ ಇದ್ದರೂ ಖೀಮಾ ಉದುರಿಸಿರಬಹುದು. ಆಲೂಗಡ್ಡೆ ಎಳೆ ಎಳೆಯಾಗಿ ಹೆಚ್ಚಿ ಹುರಿದದ್ದು, ಅದಕ್ಕೆ "ತು ದೌ ಸಿ" ಅನ್ನುತ್ತಾರೆ, ಎಲ್ಲ ಕಡೆ ಸಿಗುತ್ತದೆ. ಅನ್ನಕ್ಕೆ ಹಾಕಿಕೊಂಡು ಮೇಲೆ ಶೇಂಗಾ ಚಟ್ನಿ ಉದುರಿಸಿದರೆ ಒಂದು ಊಟ ಆಯಿತು. ಮೊಟ್ಟೆ ತಿನ್ನುವವರಿಗೆ ಟೊಮೆಟೊ-ಮೊಟ್ಟೆ ಪಲ್ಯ ಇದೆ.

ಬೌದ್ಧ ಗುಡಿಗಳ ಹತ್ತಿರ ಶಾಕಾಹಾರಿ ಊಟದ ಮನೆಗಳಿರುತ್ತವೆ. ಅಲ್ಲಿ ಈರುಳ್ಳಿ, ಬೆಳ್ಳುಳ್ಳಿ ಕೂಡ ಹಾಕುವುದಿಲ್ಲ. ದಿನಕ್ಕೊಂದು ಊಟ ಅಂಥಲ್ಲಿ ಹೊಂದಿಸಿ, ಉಳಿದದ್ದು ರೊಟ್ಟಿ ಡಬ್ಬಿಯಿಂದ ನಡೆಯುತ್ತದೆ. ಶಿಯಾನ್‌ನಲ್ಲಿ ಲಿಯಾಂಗ್‌ಪಿ ತಿನ್ನಿಸಿ. ಅಗಲವಾದ ತಣ್ಣನೆಯ ಹಿಟ್ಟಿನ ಎಳೆ, ಮೇಲೆ ಸೌತೆಕಾಯಿ, ಹುಳಿ, ಕೆಂಪು ಮೆಣಸಿನ ಎಣ್ಣೆ. ನಮ್ಮ ಖಾರದ ನಾಲಿಗೆಗೆ ಹತ್ತು ದಿನದಲ್ಲಿ ಅಷ್ಟು ಸಮಾಧಾನ ಬೇರೆ ಯಾವುದರಿಂದಲೂ ಆಗಲಿಲ್ಲ.

ನೋಡುವುದು

ಬೀಜಿಂಗ್‌ನ ಅರಮನೆ, ಫರ್ಬಿಡನ್ ಸಿಟಿ, ಸೋಮವಾರ ರಜೆ. ಏಳು ದಿನ ಮೊದಲು, ರಾತ್ರಿ 8ಕ್ಕೆ ಬುಕಿಂಗ್ ತೆರೆಯುತ್ತದೆ, ಪಾಸ್‌ಪೋರ್ಟ್ ನಂಬರ್ ಬೇಕು. ಅಲ್ಲಿ ಹೋಗಿ ಟಿಕೆಟ್ ತಗೊಳ್ಳೋಣ ಅನ್ನುವ ಮಾತೇ ಇಲ್ಲ. ತಿಯಾನನ್ಮೆನ್ ಚೌಕಕ್ಕೂ ಮೊದಲೇ ಹೆಸರು ಬರೆಸಬೇಕು. ಅರಮನೆಗೆ ದಕ್ಷಿಣದ ಬಾಗಿಲಿಂದ ಒಳಗೆ ಹೋದರೆ ಉತ್ತರದ ಬಾಗಿಲಿಂದ ಹೊರಗೆ. ನಡುವೆ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಕಲ್ಲಿನ ಅಂಗಳ, ಮೆಟ್ಟಿಲು. ಅವ್ವ ನಡೆಯುವ ವೇಗಕ್ಕೆ ನಾಲ್ಕು ತಾಸು ಹಿಡಿಯಿತು. ಆ ದಿನ ಬೇರೆ ಏನೂ ಇಟ್ಟುಕೊಳ್ಳಬೇಡಿ.

ಮಹಾಗೋಡೆಗೆ ಬಾದಾಲಿಂಗ್‌ಗಿಂತ ಮುತಿಯಾನ್ಯು ಒಳ್ಳೆಯದು. ಗದ್ದಲ ಕಡಿಮೆ, ಕೇಬಲ್ ಕಾರ್ ಇದೆ. ಅಲ್ಲಿಗೆ ನಾವು ಹೋಗಿದ್ದು ಒಂದು ದಿನದ ಟೂರ್ ಬಸ್ಸಿನಲ್ಲಿ. ಟೂರಿನವನು ಗೋಡೆಗೆ ಎರಡು ತಾಸು ಕೊಟ್ಟ, ಜೇಡ್ ಕಲ್ಲಿನ ಅಂಗಡಿಗೂ ಎರಡು ತಾಸು ಕೊಟ್ಟ. ಅಪ್ಪನಿಗೆ ಸಿಟ್ಟು ಬಂತು, ನನಗೆ ಅಳು ಬಂತು. ಬುಕ್ ಮಾಡುವಾಗ "ಚುನ್ ವಾನ್" ಅಂತ ಬರೆದದ್ದೇ ಬೇಕು ಅನ್ನಿ. ಅಂಗಡಿ ಇಲ್ಲದ ಪ್ರವಾಸ ಅಂತ ಅರ್ಥ. ಎಂಟು ಮಂದಿ ಇದ್ದರೆ ಇಡೀ ವ್ಯಾನ್ ಗೊತ್ತು ಮಾಡುವುದೇ ಚೆಂದ.

ಶಿಯಾನ್‌ಗೆ ಹೋಗುವ ಮೊದಲು ಮನೆಯಲ್ಲಿ ಒಂದು ಸಂಜೆ ಕಥೆ ಹೇಳಿ. ಚೀನಾದ ಮೊದಲ ಸಾಮ್ರಾಟನ ಸಮಾಧಿ ಕಾಯಲು ಹೂತಿಟ್ಟ ಮಣ್ಣಿನ ಸೈನಿಕರು 1974ರಲ್ಲಿ ಬಾವಿ ತೋಡುವ ರೈತರಿಗೆ ಸಿಕ್ಕರು ಅನ್ನುವುದು ಗೊತ್ತಿದ್ದರೆ ಆ ಗುಂಡಿಗಳನ್ನು ನೋಡುವ ಕಣ್ಣೇ ಬೇರೆ. ಗುಂಡಿಗಳಿಗೆ ನಂಬರ್ ಇದೆ, ಮೂರು, ಎರಡು, ಒಂದು, ಹೀಗೆ ಹಿಂದಿನಿಂದ ನೋಡಿ, ದೊಡ್ಡದು ಕೊನೆಗಿರಲಿ. ಆದರೆ ಶಿಯಾನ್‌ನಲ್ಲಿ ನಮ್ಮವರಿಗೆ ಹೆಚ್ಚು ಹತ್ತಿರವಾದದ್ದು ದಾ ಯೆನ್ ತಾ ಗೋಪುರ. 652ರಲ್ಲಿ ಕಟ್ಟಿದ್ದು, ಹ್ಯೂಯೆನ್ ತ್ಸಾಂಗ್ ಭಾರತದಿಂದ ತಂದ ಗ್ರಂಥಗಳನ್ನು ಇಡಲು. ಎದುರಿನ ಚೌಕದಲ್ಲಿ ಅವನ ಮೂರ್ತಿ ಇದೆ. ಅಪ್ಪ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿದವರು. ಮೂರ್ತಿಯ ಕೆಳಗೆ ನಿಂತು ಮೊಮ್ಮಗನ ಹೆಗಲ ಮೇಲೆ ಕೈ ಇಟ್ಟು, "ನಮ್ಮ ಪುಲಿಕೇಶಿಯ ನಾಡು ನೋಡಿ ಬರದಾಂವ ಇಂವನಽ. ಹರ್ಷಗ ಅವನ್ನ ಸೋಲಸಲಿಕ್ಕೆ ಆಗಲಿಲ್ಲ ಅಂತನೂ ಬರದಾನ" ಅಂದರು. ನಮ್ಮೂರಿಂದ ಬಾದಾಮಿ ನೂರು ಕಿಲೋಮೀಟರ್ ಆಸುಪಾಸು, ಅಲ್ವಾ? ಹುಡುಗ ಮೂರ್ತಿಯ ಸುತ್ತ ಎರಡು ಸಲ ಹೋಗಿ ಬಂದ.

ಕೊನೆಗೆ ನಿಮ್ಮ ಊರು

ಬಂದ ಕೂಡಲೇ ನಿಮ್ಮ ಊರು ತೋರಿಸಲು ಹೋಗಬೇಡಿ. ಕೊನೆಯ ಮೂರು ದಿನಕ್ಕೆ ಇಟ್ಟುಕೊಳ್ಳಿ. ಆ ಹೊತ್ತಿಗೆ ಎಲ್ಲರ ಕಾಲು ಸೋತಿರುತ್ತದೆ, ನಿಮ್ಮ ಅಡಿಗೆಮನೆಯಲ್ಲಿ ಅನ್ನ-ಸಾರು ಆಗುತ್ತದೆ, ಮಧ್ಯಾಹ್ನ ಮಲಗಬಹುದು. ಒಬ್ಬೊಬ್ಬರ ಇಷ್ಟಕ್ಕೆ ಅರ್ಧ ದಿನ ಬಿಡಿ.

ಬೆಟಗೇರಿಯ ಮಾವಶಿ ನೇಕಾರರ ಮನೆಯವರು. ಅವರಿಗೆ ಸುಝೌದ ರೇಷ್ಮೆ ಮ್ಯೂಸಿಯಂ ತೋರಿಸಿದೆ. ಅಲ್ಲಿ ಒಂದು ಹಳೇ ಬಗೆಯ ಎತ್ತರದ ಮಗ್ಗ ಇದೆ. ಒಬ್ಬರು ಮೇಲೆ ಕೂತು ಎಳೆ ಎತ್ತಬೇಕು, ಇನ್ನೊಬ್ಬರು ಕೆಳಗೆ ಲಾಳಿ ಹಾಯಿಸಬೇಕು. ಮಾವಶಿ ಹಾಸು ಎಣಿಸುತ್ತ ಮುಕ್ಕಾಲು ತಾಸು ನಿಂತರು.

ಅವ್ವ ಕಸೂತಿ ಹಾಕುತ್ತಾಳೆ. ಸುಝೌದ ಕಸೂತಿಯಲ್ಲಿ ರೇಷ್ಮೆಯ ಒಂದೇ ದಾರವನ್ನು ಕೂದಲಿಗಿಂತ ತೆಳ್ಳಗೆ ಸೀಳಿ ಹೊಲಿಯುತ್ತಾರೆ. ಅದರಲ್ಲೇ ಒಂದು ಬಗೆಯಲ್ಲಿ ಎರಡೂ ಬದಿಗೆ ಒಂದೇ ಚಿತ್ರ ಕಾಣುತ್ತದೆ. ಚೌಕಟ್ಟಿನಲ್ಲಿ ಒಂದು ಬೆಕ್ಕು ಇತ್ತು. ಅವ್ವ ಮುಂದೆ ನೋಡಿದಳು, ಹಿಂದೆ ಹೋಗಿ ನೋಡಿದಳು, ಗಂಟು ಹುಡುಕಿದಳು, ಸಿಗಲಿಲ್ಲ. ಆಮೇಲೆ ತನ್ನ ಇಳಕಲ್ ಸೀರೆಯ ಸೆರಗು ತಿರುವಿ ಗವಂತಿ ಹೊಲಿಗೆ ತೋರಿಸಿದಳು. ಅದೂ ಎರಡು ಬದಿಗೆ ಒಂದೇ. ಹೊಲಿಯುತ್ತ ಕೂತಿದ್ದ ಹೆಂಗಸು ಕನ್ನಡಕ ಏರಿಸಿ, ಸೆರಗು ಹಿಡಿದು, ಉಗುರಿನಿಂದ ಹೊಲಿಗೆಯ ದಾರಿ ಹಿಡಿದು ಹೋದಳು. ಇಬ್ಬರಿಗೂ ನನ್ನ ಬಾಯಿ ಬೇಕಾಗಲೇ ಇಲ್ಲ.

ಅಲ್ಲಿ ರೇಷ್ಮೆ ದಾರ ಕೊಳ್ಳುವ ಮನಸ್ಸಿದ್ದರೆ ಬಣ್ಣ ಹೊಂದಿಸಲು ಸೀರೆಯ ಒಂದು ತುಂಡು ಬಟ್ಟೆ ಊರಿಂದಲೇ ತರಲು ಹೇಳಿ. ಫೋಟೊ ನೋಡಿ ತಂದ ಕೆಂಪು ಇಳಕಲ್ ಕೆಂಪಿಗೆ ಕೂರುವುದಿಲ್ಲ.